12:17ಕ್ಕೆ ಮಕ್ಕಳು ಎಲ್ಲಿರಬೇಕು?

ವಾಟ್ಸಾಪ್ ಗುಂಪು: ನಮ್ಮ ಮನೆ ಬಳಗ

ಅತ್ತಿಗೆ: ಚಿನ್ನುವನ್ನು ಈ ಸಲ ಬೇಸಿಗೆ ಶಿಬಿರಕ್ಕೆ ಸೇರಿಸೋಣ ಅಂತಿದ್ದೇವೆ. ಏಪ್ರಿಲ್ 20ರಿಂದ 29. ಬೆಂಗಳೂರಿನ ಹೊರಗೆ ಒಂದು ತೋಟದಲ್ಲಿ. ಪ್ರಕೃತಿ, ವಿಜ್ಞಾನ ಎರಡೂ ಇದೆಯಂತೆ. ದಿನಚರಿ ಕಳಿಸಿದ್ದಾರೆ. ಎಲ್ಲರೂ ನೋಡಿ ಹೇಳಿ, ನಾಳೆ ಸಂಜೆಯೊಳಗೆ ಹೆಸರು ಕೊಡಬೇಕು.

6:30 ಹಕ್ಕಿ ವೀಕ್ಷಣೆ
8:00 ತಿಂಡಿ
9:00 ಸೋಡಾ ಜ್ವಾಲಾಮುಖಿ
9:40 ಸ್ಲೈಮ್ ತಯಾರಿ
10:20 ನೀರಿನ ರಾಕೆಟ್
11:00 ರೋಬೋಟ್ ಜೋಡಣೆ
12:00 ಮರಗಳ ಪರಿಚಯ (ಹಾಲ್‌ನಲ್ಲಿ, ಸ್ಲೈಡ್ ಶೋ)
1:00 ಊಟ
2:00 ಕೆರೆ ನಡಿಗೆ
3:00 ಕೀಟ ಸಂಗ್ರಹ
4:00 ಕ್ರಾಫ್ಟ್
7:30 ನಕ್ಷತ್ರ ವೀಕ್ಷಣೆ (ಶನಿವಾರ ಮಾತ್ರ, ರಾತ್ರಿ ಅಲ್ಲೇ ವಾಸ)
ಇದು ಮೊದಲ ದಿನದ್ದು. ಪ್ರತಿದಿನವೂ ಹೊಸ ಚಟುವಟಿಕೆ! ಒಮ್ಮೆ ಮಾಡಿದ್ದು ಮತ್ತೆ ಇಲ್ಲ!

ಅಣ್ಣ: ನನಗಂತೂ ಇಷ್ಟವಾಯಿತು. ಮಗು ಒಂದು ನಿಮಿಷವೂ ಬೇಜಾರು ಅನ್ನುವ ಹಾಗಿಲ್ಲ.

ಚಿಕ್ಕಮ್ಮ ಮೈಸೂರು: ಮಧ್ಯಾಹ್ನ 2 ಗಂಟೆಗೆ ಕೆರೆಗೆ ಯಾರು ಹೋಗುತ್ತಾರೆ? ಏಪ್ರಿಲ್ ಬಿಸಿಲಿನಲ್ಲಿ ಮಕ್ಕಳ ತಲೆ ಸುಡುವುದಿಲ್ವಾ?

ನಾನು: ಚಿಕ್ಕಮ್ಮ ಹೇಳಿದ್ದು ಸರಿ. ಬಿಸಿಲು ಒಂದೇ ಅಲ್ಲ, ಆ ಹೊತ್ತಿಗೆ ಕೆರೆಯಲ್ಲಿ ನೋಡಲಿಕ್ಕೂ ಹೆಚ್ಚೇನೂ ಇರುವುದಿಲ್ಲ. ಹಕ್ಕಿಗಳೂ ನೆರಳು ಹುಡುಕಿಕೊಂಡು ಕೂತಿರುತ್ತವೆ. ಸಂಜೆ 5ರ ಮೇಲೆ ಹೋಗಬೇಕು. ಬೆಳ್ಳಕ್ಕಿ, ನೀರುಕಾಗೆ ಸಾಲು ಸಾಲಾಗಿ ಗೂಡಿನ ಮರಕ್ಕೆ ವಾಪಸ್ ಬರುತ್ತವೆ. ಮಕ್ಕಳು ದಿನಾ ಒಂದೇ ಜಾಗದಲ್ಲಿ ನಿಂತು ಎಣಿಸಬಹುದು.

ಅಣ್ಣ: ದಿನಾ ಅದನ್ನೇ ಎಣಿಸಿದರೆ ಮಕ್ಕಳು ಎರಡನೇ ದಿನವೇ ಮನೆಗೆ ಹೋಗೋಣ ಅನ್ನುತ್ತಾರೆ.

ದೊಡ್ಡಪ್ಪ ಸಾಗರ: ಈಗ ನೋಡಿದೆ. ಬೆಳಗ್ಗೆ 9ರಿಂದ 12ರೊಳಗೆ ನಾಲ್ಕು ಪ್ರಯೋಗ. ಮೊದಲ ಮೂರಕ್ಕೆ ತಲಾ 40 ನಿಮಿಷ. ಮಕ್ಕಳನ್ನು ಕೂರಿಸಿ, ಸಾಮಾನು ಹಂಚಿ, ಆಮೇಲೆ ಕೈ ತೊಳೆಸಿ ಮುಗಿಸುವಷ್ಟರಲ್ಲಿ ಅದರಲ್ಲಿ ಅರ್ಧ ಹೋಯಿತು. ಮಗು 'ಯಾಕೆ ಹೀಗಾಯಿತು' ಎಂದು ಕೇಳುವ ಹೊತ್ತಿಗೆ ಮುಂದಿನ ಟೇಬಲ್‌ಗೆ ಕರೆದಿರುತ್ತಾರೆ. ಹೈಸ್ಕೂಲಿನಲ್ಲಿ ಇಡೀ ಸರ್ವಿಸ್ ವಿಜ್ಞಾನ ಕಲಿಸಿದವನ ಮಾತು ಇದು.

ಅಣ್ಣ: ದೊಡ್ಡಪ್ಪ, ಅದು ಶಾಲೆ, ಇದು ರಜೆ. ನೊರೆ ಉಕ್ಕಿದ್ದು ನೋಡಿ ಮಗು ಕುಣಿದರೆ ಸಾಕಲ್ವಾ? ನನಗೆ ಕೆಮಿಸ್ಟ್ರಿ ಹಿಡಿಸಿದ್ದೇ ನೀವು ಲ್ಯಾಬಿನಲ್ಲಿ ಬಣ್ಣ ಬದಲಾಯಿಸಿ ತೋರಿಸಿದ್ದರಿಂದ. ಮೊದಲು ಮಜಾ, ಆಮೇಲೆ ಪ್ರಶ್ನೆ.

ದೊಡ್ಡಪ್ಪ ಸಾಗರ: ಒಪ್ಪಿದೆ. ಮಜಾ ಬೇಡ ಅನ್ನಲಿಲ್ಲ. ಆದರೆ ನಿನಗೆ ಬಣ್ಣ ಬದಲಾಯಿಸಿ ತೋರಿಸಿ ನಾನು ಕೈ ತೊಳೆದುಕೊಂಡೆನಾ? ಇನ್ನಷ್ಟು ಹಾಕಿದರೆ ಏನಾಗುತ್ತದೆ ಎಂದು ನಿನ್ನ ಕೈಯಲ್ಲೇ ಮಾಡಿಸಿದೆ.

ನಾನು: ಅಣ್ಣ, ಜ್ವಾಲಾಮುಖಿ ಇರಲಿ. ಮಣ್ಣಿನ ಗುಡ್ಡ, ಕೆಂಪು ಬಣ್ಣ ಬೇಡ. ನಿಜವಾದ ಜ್ವಾಲಾಮುಖಿ ಸೋಡಾ, ವಿನೆಗರ್‌ನಿಂದ ಉಕ್ಕುವುದಿಲ್ಲ. ಅದನ್ನು ನೋಡಿದ ಮಗು ಭೂಮಿಯೊಳಗೂ ಹೀಗೇ ಇದೆ ಎಂದುಕೊಳ್ಳುತ್ತದೆ. ಅದೇ ಸೋಡಾ, ಅದೇ ವಿನೆಗರ್ ಬಾಟಲಿಗೆ ಹಾಕಿ ಬಾಯಿಗೆ ಬಲೂನು ಸಿಕ್ಕಿಸಲಿ. ಒಂದು ಚಮಚ ಸೋಡಾ ಹಾಕಿದರೆ ಬಲೂನು ಎಷ್ಟು ದಪ್ಪ, ಎರಡು ಹಾಕಿದರೆ ಎಷ್ಟು, ನಾಲ್ಕು ಹಾಕಿದರೂ ಯಾಕೆ ಇನ್ನು ಉಬ್ಬುವುದಿಲ್ಲ? ದಾರ ಸುತ್ತಿ ಅಳೆಯಲಿ. ಸೋಡಾ ಹೆಚ್ಚಾದರೂ ವಿನೆಗರ್ ಮುಗಿದಿರುತ್ತದೆ ಎಂದು ಯಾರೂ ಹೇಳಿಕೊಡದೆ ಹೊಳೆಯುತ್ತದೆ. ಕುಣಿಯುವುದು ಆಗಲೇ.

ಅತ್ತಿಗೆ: ಇದು ಚೆನ್ನಾಗಿದೆ. ಮನೆಯಲ್ಲೇ ಮಾಡಬಹುದು.

ನಾನು: ದಾಸವಾಳದ ನೀರೂ ಹಾಗೇ, ಅತ್ತಿಗೆ. ಕೆಂಪು ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿಡಿ. ನಿಂಬೆರಸ ಹಾಕಿದರೆ ಗಾಢ ಗುಲಾಬಿ, ಸೋಪಿನ ನೀರು ಹಾಕಿದರೆ ಹಸಿರು. ಆಮೇಲೆ ಮಕ್ಕಳೇ ಅಡುಗೆಮನೆಗೆ ನುಗ್ಗಿ ಮಜ್ಜಿಗೆ, ಹುಣಿಸೆ ನೀರು, ಸುಣ್ಣದ ತಿಳಿ ಎಲ್ಲ ತಂದು ಹಾಕಿ ನೋಡುತ್ತಾರೆ. ಆ ದಿನಚರಿಯಲ್ಲಿ ನುಗ್ಗುವುದಕ್ಕೇ ಸಮಯ ಇಲ್ಲ.

ಅತ್ತೆ ಹುಬ್ಬಳ್ಳಿ: ಕೀಟ ಸಂಗ್ರಹ ಅಂದರೆ ಹಿಡಿದು ಸೂಜಿ ಚುಚ್ಚುವುದೋ?

ನಾನು: ಹಾಗೇ ಇದ್ದರೆ ನಾನು ಚಿನ್ನುವನ್ನು ಕಳಿಸಬೇಡಿ ಅನ್ನುತ್ತೇನೆ. 1972ರ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿ ಕೆಲವು ಚಿಟ್ಟೆಗಳೂ ಇವೆ, ಒಂಬತ್ತು ವರ್ಷದ ಮಗು ಬಲೆ ಬೀಸುವಾಗ ಯಾವುದು ಯಾವುದು ಎಂದು ನೋಡುತ್ತದಾ? ರಾತ್ರಿ ಉಳಿಯುವ ದಿನ ಬಿಳಿ ಪಂಚೆ ಕಟ್ಟಿ ಹಿಂದೆ ಒಂದು ಬಲ್ಬ್ ಹಾಕಲಿ. ಪತಂಗ, ಜೀರುಂಡೆ ತಾವಾಗಿ ಬಂದು ಕೂರುತ್ತವೆ. ಚಿತ್ರ ಬರೆದುಕೊಳ್ಳಲಿ, ದೀಪ ಆರಿಸಲಿ, ಅವು ಹೋಗಲಿ.

ಅಣ್ಣ: ಸರಿ, ಅದನ್ನು ಕೇಳೋಣ. ಆದರೆ ನೀನು ಎಲ್ಲವನ್ನೂ ನಿಧಾನ ಮಾಡಲು ಹೊರಟಿದ್ದೀಯ. ಇಷ್ಟು ಫೀಸು ಕೊಟ್ಟು ಒಂದೇ ಮರದ ಕೆಳಗೆ ಕೂತು ಬರಲಿ ಅಂತಾನಾ?

ನಾನು: ನನ್ನ ತಕರಾರು ಕೊನೆಯ ಸಾಲಿನ ಮೇಲೆ, ಅಣ್ಣ. 'ಒಮ್ಮೆ ಮಾಡಿದ್ದು ಮತ್ತೆ ಇಲ್ಲ.' ಇದನ್ನು ಹೆಮ್ಮೆಯಿಂದ ಬರೆದಿದ್ದಾರೆ. ಪ್ರಕೃತಿ ವಿಜ್ಞಾನಕ್ಕೆ ಇದಕ್ಕಿಂತ ಉಲ್ಟಾ ಮಾತು ಇನ್ನೊಂದಿಲ್ಲ. ನಿನ್ನೆ ನೋಡಿದ್ದನ್ನೇ ಇವತ್ತೂ ನೋಡಿದರೆ ತಾನೇ ಏನು ಬದಲಾಯಿತು ಎಂದು ಗೊತ್ತಾಗುವುದು? ಹತ್ತು ದಿನ ಸಿಗುತ್ತದೆ. ಶಾಲೆಯಲ್ಲಿ ಯಾರಿಗೂ ಸಿಗದ ಹತ್ತು ದಿನ. ಅದನ್ನು ಚೂರು ಚೂರು ಮಾಡಿ ಹಂಚಿಬಿಟ್ಟರೆ ಹೊಟ್ಟೆ ಉರಿಯುತ್ತದೆ. ಸೊಳ್ಳೆಯನ್ನೇ ತೆಗೆದುಕೋ. ಕೆರೆಯ ನೀರನ್ನು ಗಾಜಿನ ಬಾಟಲಿಗೆ ತುಂಬಿ, ಬಾಯಿಗೆ ತೆಳುಬಟ್ಟೆ ಬಿಗಿದರೆ, ಒದ್ದಾಡುವ ಮರಿ ಗುಂಡಗೆ ಬಾಗಿದ ಕೋಶವಾಗಿ ಆಮೇಲೆ ಸೊಳ್ಳೆಯಾಗುವುದನ್ನು ಈ ಬಿಸಿಯಲ್ಲಿ ಹತ್ತು ದಿನದೊಳಗೇ ನೋಡಬಹುದು.

ಚಿಕ್ಕಮ್ಮ ಮೈಸೂರು: ಅಯ್ಯೋ, ಸೊಳ್ಳೆ ಸಾಕುವುದಾ? ಡೆಂಗಿ ಬಂದರೆ?

ನಾನು: ಬಟ್ಟೆ ಬಿಗಿಯಾಗಿದ್ದರೆ ಹೊರಗೆ ಬರುವುದಿಲ್ಲ ಚಿಕ್ಕಮ್ಮ. ಕೊನೆಗೆ ಸೋಪಿನ ನೀರು ಸುರಿದು ಮುಗಿಸಬೇಕು, ಅದು ದೊಡ್ಡವರ ಕೆಲಸ. ಡೆಂಗಿ ಹರಡುವ ಸೊಳ್ಳೆ ನಮ್ಮ ಮನೆಯ ಹೂಕುಂಡದ ತಟ್ಟೆಯಲ್ಲಿ, ಡ್ರಮ್ಮಿನಲ್ಲಿ ನಿಂತ ನೀರಿನಲ್ಲೇ ಮೊಟ್ಟೆ ಇಡುತ್ತದೆ. ವಾರಕ್ಕೊಮ್ಮೆ ನೀರು ಚೆಲ್ಲಿ ಎಂದು ಯಾಕೆ ಹೇಳುತ್ತಾರೆ ಎಂದು ಆ ಬಾಟಲಿ ನೋಡಿದ ಮಗುವಿಗೆ ಬೇರೆ ಹೇಳಬೇಕಾಗಿಲ್ಲ.

ಚಿಕ್ಕಮ್ಮ ಮೈಸೂರು: ಸೊಳ್ಳೆ ನನಗೆ ಒಪ್ಪಿಗೆ ಇಲ್ಲ. ಹಾವಿನ ಬಗ್ಗೆಯೂ ಕೇಳಿ. ತೋಟ ಅಂತ ಬೇರೆ ಹೇಳುತ್ತೀರಿ.

ಅತ್ತಿಗೆ: ಕೇಳಿದ್ದೇನೆ. ಮುಚ್ಚಿದ ಶೂ, ಉದ್ದ ಪ್ಯಾಂಟು, ರಾತ್ರಿ ಟಾರ್ಚ್ ಕಡ್ಡಾಯ. ಕಲ್ಲಿನ ಸಂದಿಗೆ, ಬಿಲಕ್ಕೆ ಕೈ ಹಾಕುವಂತಿಲ್ಲ. ಏನಾದರೂ ಆದರೆ ಕಟ್ಟು ಕಟ್ಟುವುದು, ಕೊಯ್ಯುವುದು ಏನೂ ಇಲ್ಲ, ನೇರ ಆಸ್ಪತ್ರೆಗೆ. ಗಾಡಿ ಇಡೀ ದಿನ ಅಲ್ಲೇ ಇರುತ್ತದಂತೆ.

ದೊಡ್ಡಪ್ಪ ಸಾಗರ: ಅದು ಸರಿಯಾದ ಉತ್ತರ. ಈಗ ನನ್ನದು ಒಂದು ಮುಖ್ಯ ಮಾತು. ಶಿಬಿರ ಏಪ್ರಿಲ್ 20ರಿಂದ 29. ಬೆಂಗಳೂರಿನಲ್ಲಿ ಏಪ್ರಿಲ್ 24, 25ರ ಹೊತ್ತಿಗೆ ಶೂನ್ಯ ನೆರಳಿನ ದಿನ. ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ವರ್ಷಕ್ಕೆ ಎರಡೇ ಸಲ, ಇನ್ನೊಂದು ಆಗಸ್ಟಿನಲ್ಲಿ. ಆಗ ಮೋಡ ಜಾಸ್ತಿ. ಕರ್ಕಾಟಕ ಸಂಕ್ರಾಂತಿ ವೃತ್ತದ ಆಚೆ ಇರುವ ದೆಹಲಿಯವರಿಗೆ ಇದು ಜೀವಮಾನದಲ್ಲಿ ಕಾಣುವುದಿಲ್ಲ. ಇಂಥ ವಾರದಲ್ಲಿ ಶಿಬಿರ ಇಟ್ಟು, ಆ ಹೊತ್ತಿಗೆ ಮಕ್ಕಳನ್ನು ಹಾಲಿನಲ್ಲಿ ಕತ್ತಲೆ ಮಾಡಿ ಮರದ ಸ್ಲೈಡ್ ತೋರಿಸುತ್ತಾರಂತೆ! ಹೊರಗೆ ಮರ ಇದೆ!

ಅಣ್ಣ: 12 ಗಂಟೆಗೆ ಐದು ನಿಮಿಷ ಹೊರಗೆ ಕರೆದುಕೊಂಡು ಬಂದರೆ ಆಯಿತಲ್ಲ ದೊಡ್ಡಪ್ಪ. ಅದಕ್ಕೆ ದಿನಚರಿ ಯಾಕೆ ಬದಲಾಯಿಸಬೇಕು?

ದೊಡ್ಡಪ್ಪ ಸಾಗರ: 12ಕ್ಕೆ ಅಲ್ಲ, 12:17ರ ಹೊತ್ತಿಗೆ. ನಮ್ಮ ಗಡಿಯಾರದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಬೆಂಗಳೂರು ಅದಕ್ಕಿಂತ ಸುಮಾರು 5 ಡಿಗ್ರಿ ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ 4 ನಿಮಿಷ ತಡ. ಏಪ್ರಿಲ್ ಕೊನೆಗೆ ಸೂರ್ಯ ಗಡಿಯಾರಕ್ಕಿಂತ ಸುಮಾರು ಎರಡು ನಿಮಿಷ ಮುಂದಿರುತ್ತಾನೆ, ಅಷ್ಟು ಕಳೆದುಕೋ. ನೀನು 12ಕ್ಕೆ ಕರೆದುಕೊಂಡು ಬಂದರೆ ನೆರಳು ಇನ್ನೂ ಇರುತ್ತದೆ, 'ಮೇಷ್ಟ್ರು ಸುಳ್ಳು ಹೇಳಿದರು' ಎಂದು ಮಕ್ಕಳು ಒಳಗೆ ಹೋಗುತ್ತಾರೆ.

ನಾನು: ಒಂದು ದಿನ ನೋಡಿದರೆ ಅದು ಬರೀ ಚಮತ್ಕಾರ, ಅಣ್ಣ. ಮೊದಲ ದಿನದಿಂದಲೇ ಒಂದು ಮೀಟರ್ ಕೋಲು ನೆಟ್ಟು, ದಿನಾ 12:17ಕ್ಕೆ ನೆರಳಿನ ತುದಿಗೆ ಗುರುತು ಹಾಕಿದರೆ? ದಿನಕ್ಕೆ ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಕಡಿಮೆಯಾಗುತ್ತಾ ಬರುತ್ತದೆ. ಉತ್ತರಕ್ಕೆ ಬೀಳುತ್ತಿದ್ದ ನೆರಳು ಸೊನ್ನೆಯಾಗಿ, ಆಮೇಲೆ ದಕ್ಷಿಣಕ್ಕೆ ಹೊರಳುತ್ತದೆ. ಆ ಹೊರಳುವುದನ್ನು ಕಂಡ ಮಗುವಿಗೆ ಉತ್ತರಾಯಣ ಅಂದರೆ ಪಂಚಾಂಗದ ಮಾತಲ್ಲ, ತಾನೇ ಸೀಮೆಸುಣ್ಣದಲ್ಲಿ ಗೀಚಿದ್ದು.

ಅತ್ತಿಗೆ: ಚಿನ್ನು ಪಕ್ಕದಲ್ಲೇ ಕೂತು ಓದುತ್ತಿದ್ದಾನೆ. ಕೇಳುತ್ತಿದ್ದಾನೆ: ಆ ದಿನ ಮೋಡ ಬಂದರೆ ಏನು ಮಾಡುವುದು?

ನಾನು: ಬಹಳ ಒಳ್ಳೆಯ ಪ್ರಶ್ನೆ ಚಿನ್ನು. ಏಪ್ರಿಲ್ ಕೊನೆಗೆ ಮಾವಿನ ಮಳೆಯ ಮೋಡ ಬರಬಹುದು. ಒಂದೇ ದಿನ ನೋಡಲು ಹೋದವರು ಬರಿಗೈಯಲ್ಲಿ ಬರುತ್ತಾರೆ. ನೀನು ದಿನಾ ಗುರುತು ಹಾಕಿದ್ದರೆ ಗ್ರಾಫ್ ಹಾಳೆಯಲ್ಲಿ ಚುಕ್ಕಿ ಸೇರಿಸಿ ಗೆರೆ ಎಳಿ. ಯಾವ ದಿನ ನೆರಳು ಸೊನ್ನೆ ಆಗಿರಬೇಕು ಎಂದು ಮೋಡದ ಹಿಂದಿನಿಂದಲೂ ಹೇಳುತ್ತೀಯ.

ಅಣ್ಣ: ಇದು ಮಾತ್ರ ನಿಜ. ಒಪ್ಪಿದೆ.

ಚಿಕ್ಕಮ್ಮ ಮೈಸೂರು: ಟೋಪಿ ಹಾಕಿಸಿ. ಅಲ್ಲಿವರೆಗೆ ಮರದ ನೆರಳಿನಲ್ಲಿ ಕೂರಿಸಲಿ. ಮತ್ತೆ ಮೈಸೂರಿನಲ್ಲಿ ಯಾವತ್ತು ಇದು?

ದೊಡ್ಡಪ್ಪ ಸಾಗರ: ಮೈಸೂರು ಬೆಂಗಳೂರಿಗಿಂತ ದಕ್ಷಿಣಕ್ಕಿದೆ, ಎರಡು ದಿನ ಮೊದಲು. ಹುಬ್ಬಳ್ಳಿಗೆ ಮೇ ಮೊದಲ ವಾರದಲ್ಲಿ. ಈಗ ಕೇಳಿ, ಬೆಂಗಳೂರಿನಲ್ಲಿ ನೆರಳಿಲ್ಲದ ಆ ಮಧ್ಯಾಹ್ನ ಮೈಸೂರಿನ ಕೋಲಿಗೆ ಒಂದು ಸೆಂಟಿಮೀಟರಿನಷ್ಟು ನೆರಳು ದಕ್ಷಿಣಕ್ಕೆ ಬಿದ್ದಿರುತ್ತದೆ. ಹುಬ್ಬಳ್ಳಿಯ ಕೋಲಿಗೆ ನಾಲ್ಕು ಸೆಂಟಿಮೀಟರಿನಷ್ಟು, ಉತ್ತರಕ್ಕೆ. ನಮ್ಮ ಗುಂಪಿನಲ್ಲಿ ಮೂರೂ ಊರಿನವರು ಇದ್ದೀರಿ. ಸುಮಾರು 2,200 ವರ್ಷಗಳ ಹಿಂದೆ ಎರಟೋಸ್ತನೀಸ್ ಎಂಬ ಗ್ರೀಕ್ ವಿದ್ವಾಂಸ ಈಜಿಪ್ಟಿನ ಎರಡು ಊರುಗಳ ನೆರಳಿನಿಂದ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ. ಅದನ್ನೇ ನಾವು ಮಾಡಬಹುದು.

ಅತ್ತೆ ಹುಬ್ಬಳ್ಳಿ: ನಮ್ಮ ತಾರಸಿ ಮೇಲೆ ಆಗುತ್ತದೇನು ಅಣ್ಣ? ಮೊಮ್ಮಗಳು ಸುಮ್ನೆ ಮೊಬೈಲ್ ಹಿಡಿದು ಕೂತಿದ್ದಾಳೆ. ಆದರೆ ತಾರಸಿ ನೀರು ಹೋಗಲಿ ಎಂದು ಇಳಿಜಾರು ಮಾಡಿದ್ದಾರೆ.

ದೊಡ್ಡಪ್ಪ ಸಾಗರ: ಇಳಿಜಾರು ಇದ್ದರೆ ಕೋಲನ್ನು ತಾರಸಿಗೆ ನೇರ ಮಾಡಬೇಡ. ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರಿದ್ದರೂ ನೆರಳು ಒಂದು ಸೆಂಟಿಮೀಟರ್ ತಪ್ಪುತ್ತದೆ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಆ ದಾರಕ್ಕೆ ಕೋಲು ಸರಿಹೊಂದಿಸು. ಒಂದು ಮಿಲಿಮೀಟರ್ ಹೆಚ್ಚು ಕಡಿಮೆ ಅಳೆದರೂ ಭೂಮಿಯ ಸುತ್ತಳತೆಯಲ್ಲಿ ಸಾವಿರ ಕಿಲೋಮೀಟರಿನಷ್ಟು ವ್ಯತ್ಯಾಸ ಬರುತ್ತದೆ. ಅದೂ ಮಕ್ಕಳಿಗೆ ಗೊತ್ತಾಗಲಿ.

ಅಣ್ಣ: ದೂರಕ್ಕೆ ಬೆಂಗಳೂರು–ಹುಬ್ಬಳ್ಳಿ ರಸ್ತೆಯ ಕಿಲೋಮೀಟರ್ ಹಾಕಬೇಕಾ?

ನಾನು: ಇಲ್ಲ ಅಣ್ಣ. ಹುಬ್ಬಳ್ಳಿ ವಾಯವ್ಯಕ್ಕಿದೆ, ರಸ್ತೆಯೂ ಓರೆಯಾಗಿ ಹೋಗುತ್ತದೆ. ಬರೀ ಉತ್ತರ–ದಕ್ಷಿಣದ ಅಂತರ ಬೇಕು, ಅದು 265 ಕಿಲೋಮೀಟರಿನಷ್ಟು. ನಕಾಶೆಯ ಮೇಲೆ ಸ್ಕೇಲ್ ಇಟ್ಟು ಚಿನ್ನುವೇ ಅಳೆಯಲಿ. ಹುಬ್ಬಳ್ಳಿಯ ಕೋಲು, ನೆರಳಿನ ಅಳತೆಯಿಂದ ಸೂರ್ಯ ನೆತ್ತಿಯಿಂದ ಎಷ್ಟು ಸರಿದಿದ್ದಾನೆ ಎಂಬ ಕೋನ ಸಿಗುತ್ತದೆ. ಅದು 2.4 ಡಿಗ್ರಿ ಬಂದರೆ, 360ರಲ್ಲಿ ಅದು 150ನೇ ಒಂದು ಪಾಲು. 265ನ್ನು 150ರಿಂದ ಗುಣಿಸಿದರೆ 39,750. ನಿಜವಾದ ಸುತ್ತಳತೆ ಸುಮಾರು 40,000. ಎರಡು ಕೋಲು, ಒಂದು ಫೋನ್ ಕರೆ, ಇಷ್ಟೇ ಖರ್ಚು.

ಅತ್ತಿಗೆ: ಶಿಬಿರದವರಿಗೆ ಈ ಮಾತುಗಳನ್ನು ಹಾಗೇ ಕಳಿಸಲಾ? ಬೇಜಾರು ಮಾಡಿಕೊಳ್ಳಬಾರದು.

ದೊಡ್ಡಪ್ಪ ಸಾಗರ: ಕಳಿಸಮ್ಮ. ಮಕ್ಕಳಿಗಾಗಿ ಬೇಸಿಗೆಯಲ್ಲಿ ಇಷ್ಟು ಮಾಡುವವರೇ ಕಡಿಮೆ. ಮೆಚ್ಚಿಕೊಂಡೇ ಬರಿ. ನಕ್ಷತ್ರದ ಬಗ್ಗೆಯೂ ಒಂದು ಸಾಲು ಸೇರಿಸು. ಆ ರಾತ್ರಿ ಟೆಲಿಸ್ಕೋಪಿನ ಮುಂದೆ ಸಾಲಿನಲ್ಲಿ ನಿಲ್ಲಿಸುವ ಮೊದಲು ಬರಿಗಣ್ಣಿನಲ್ಲಿ ತೋರಿಸಲಿ. ಸಪ್ತರ್ಷಿಯ ಬಾಲದ ಬಾಗು ಹಿಡಿದು ಹೋದರೆ ಸ್ವಾತಿ, ಇನ್ನೂ ಮುಂದೆ ಚಿತ್ತಾ. ಚಿತ್ತೆ ಮಳೆ ಅಕ್ಟೋಬರಿನಲ್ಲಿ ಬರುತ್ತದೆ, ಆಗ ಸೂರ್ಯ ಆ ನಕ್ಷತ್ರದ ಪಕ್ಕದಲ್ಲೇ ಇರುವುದರಿಂದ ಅದು ಕಾಣುವುದಿಲ್ಲ. ಮಳೆಯ ಹೆಸರು ಗೊತ್ತಿದ್ದು ನಕ್ಷತ್ರ ನೋಡದವರೇ ಹೆಚ್ಚು. ಏಪ್ರಿಲ್ ರಾತ್ರಿ ಅದಕ್ಕೆ ಒಳ್ಳೆಯ ಕಾಲ.

(ಮರುದಿನ ಸಂಜೆ)

ಅತ್ತಿಗೆ: ಉತ್ತರ ಬಂತು. ಕೆರೆ ನಡಿಗೆ 5 ಗಂಟೆಗೆ ಹಾಕಿದ್ದಾರೆ. ಮರದ ಸ್ಲೈಡ್ ತೆಗೆದು 4ಕ್ಕೆ ತೋಟದಲ್ಲೇ ಮರ ನೋಡಿಸುತ್ತಾರೆ. ಪ್ರತಿದಿನ 12:05ರಿಂದ 12:30 ಕೋಲು, ನೆರಳು. ಕೀಟ ಹಿಡಿಯುವುದಿಲ್ಲ, ಪಂಚೆ ಕಟ್ಟುತ್ತಾರೆ. ಸ್ಲೈಮ್, ರಾಕೆಟ್, ರೋಬೋಟ್ ಹಾಗೇ ಇದೆ, ಬೇರೆ ಪೋಷಕರು ಬೇಕು ಅಂದರಂತೆ. ಸೊಳ್ಳೆ ಬಾಟಲಿ ಬೇಡ ಅಂದರು.

ಚಿಕ್ಕಮ್ಮ ಮೈಸೂರು: ಅದಕ್ಕೆ ನಾನು ಬೇಡ ಅಂದಿದ್ದು.

ನಾನು: ಸ್ಲೈಮ್ ತೆಗೆದು ಆ ಹೊತ್ತನ್ನು ಬಲೂನಿಗೆ ಕೊಡಬಹುದಿತ್ತು. ಇನ್ನೊಮ್ಮೆ ಕೇಳುತ್ತೇನೆ, ನಂಬರ್ ಕಳಿಸಿ ಅತ್ತಿಗೆ.

ಅಣ್ಣ: ಕೇಳು. ರೋಬೋಟ್ ಮಾತ್ರ ಮುಟ್ಟಬೇಡ. ಹೆಸರು ಕೊಟ್ಟಾಯಿತು.

ಅತ್ತೆ ಹುಬ್ಬಳ್ಳಿ: ಕೋಲು ಸಿಕ್ಕಿತು, ಮೊಮ್ಮಗಳು ಟೇಪ್ ಹಿಡಿದು ಸರಿಯಾಗಿ ಒಂದು ಮೀಟರಿಗೆ ಕೊಯ್ಸಿದ್ದಾಳೆ. ನಾವೂ 12:17ಕ್ಕೇ ನೋಡಬೇಕಾ?

ದೊಡ್ಡಪ್ಪ ಸಾಗರ: ಹುಬ್ಬಳ್ಳಿ ಇನ್ನೂ ಪಶ್ಚಿಮಕ್ಕಿದೆ, ನಿಮಗೆ 12:27ರ ಹೊತ್ತಿಗೆ. 12:15ಕ್ಕೇ ತಾರಸಿ ಹತ್ತಿ, ಎರಡೆರಡು ನಿಮಿಷಕ್ಕೆ ಗುರುತು ಹಾಕಿ. ಎಲ್ಲಕ್ಕಿಂತ ಗಿಡ್ಡ ನೆರಳು ಯಾವುದೋ ಅದನ್ನು ಚಿನ್ನುವಿಗೆ ಕಳಿಸಿ.