ಪದಚರ್ಚೆ: ಎರಕದ ಕಾರ್ಖಾನೆಯ ಫಲಕಕ್ಕೆ ‘ರೀಯೂಸ್’, ‘ರೀಸೈಕಲ್’ ಎಂಬುವಕ್ಕೆ ಎರಡು ಬೇರೆ ಪದಗಳು ಬೇಕಾಗಿವೆ

ಬೆಳಗಾವಿಯಿಂದ:

ಮಾನ್ಯರೇ, ಉದ್ಯಮಬಾಗದ ದೊಡ್ಡದೊಂದು ಎರಕದ ಕಾರ್ಖಾನೆಗೆ ಮೂರು ಫಲಕಗಳ ಕನ್ನಡವನ್ನು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಪೇಂಟರ್ ಸೋಮವಾರವೇ ಬರುತ್ತಾನೆ. ‘ರಿಡ್ಯೂಸ್’ ಎಂಬುದಕ್ಕೆ ಮೊದಲು ‘ತ್ಯಾಜ್ಯ ಕಡಿತ’ ಎಂದು ಬರೆದಿದ್ದೆ. ಕರಡನ್ನು ಓದಿದ ಫಿಟ್ಟರ್ ಒಬ್ಬರು ‘ಪಗಾರದಾಗೂ ಕಡಿತ ಐತೇನ್ರಿ?’ ಎಂದು ಕೇಳಿದ ಮೇಲೆ ಅದನ್ನು ಹೊಡೆದುಹಾಕಿ ‘ತಗ್ಗಿಸಿರಿ’ ಎಂದು ಮಾಡಿದ್ದೇನೆ. ತೊಡಕಿರುವುದು ಉಳಿದೆರಡರಲ್ಲಿ. ಅಚ್ಚು ಒಡೆದಾಗ ಉದುರುವ ಮರಳನ್ನು ತಣಿಸಿ, ಜರಡಿ ಹಿಡಿದು, ಬೆಂಟೊನೈಟ್ ಜೇಡಿಮಣ್ಣು, ಕಲ್ಲಿದ್ದಲ ಪುಡಿ ಮತ್ತು ನೀರು ಬೆರೆಸಿ ಪುನಃ ಅಚ್ಚಿಗೇ ತುಂಬುತ್ತಾರೆ. ಅದು ಮರಳಾಗಿಯೇ ಇರುತ್ತದೆ. ಎರಕದಿಂದ ಮುರಿದು ತೆಗೆದ ರನ್ನರ್, ರೈಸರ್ ತುಂಡುಗಳಾದರೋ (ಲೋಹ ಅಚ್ಚಿಗೆ ಹರಿಯುವ ಕಾಲುವೆಯಲ್ಲಿ, ಹೆಚ್ಚುವರಿ ಲೋಹ ನಿಲ್ಲುವ ಕುಳಿಯಲ್ಲಿ ಗಟ್ಟಿಯಾದವು) ಕುಲುಮೆ ಸೇರಿ, ಕರಗಿ, ತಮ್ಮ ರೂಪವನ್ನೇ ಕಳೆದುಕೊಳ್ಳುತ್ತವೆ. ಪತ್ರಿಕೆಗಳು ಎರಡಕ್ಕೂ ‘ಮರುಬಳಕೆ’ ಎನ್ನುತ್ತವೆ. ಆದರೆ 2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳು ಇವನ್ನು ತ್ಯಾಜ್ಯ ನಿರ್ವಹಣೆಯ ಎರಡು ಪ್ರತ್ಯೇಕ ಮೆಟ್ಟಿಲುಗಳಾಗಿ ಎಣಿಸಿರುವುದರಿಂದ ಒಂದೇ ಪದ ಸಾಲದು. ‘ಪುನರ್ಬಳಕೆ’, ‘ಪುನರ್ಚಕ್ರಣ’ ಎಂದರೆ ಆದೀತೇ?

ವಿಜಯಪುರದಿಂದ:

ಆಗದು. ‘ಪುನರ್’ ಸಂಸ್ಕೃತ, ‘ಬಳಕೆ’ ಕನ್ನಡ, ಇದು ಅರಿಸಮಾಸ. ‘ಪುನರ್ಚಕ್ರಣ’ವಂತೂ ಸಂಸ್ಕೃತವಾಗಿಯೂ ತಪ್ಪು. ಚಕಾರ ಪರವಾದಾಗ ‘ಪುನಶ್ಚೇತನ’ದಂತೆ ‘ಪುನಶ್ಚಕ್ರಣ’ ಎಂದೇ ಆಗಬೇಕು. ಹಿಂದಿಯ ಸುತ್ತೋಲೆಯಿಂದ ಎತ್ತಿಕೊಂಡ ಪದವೆಂಬುದು ಎದ್ದು ಕಾಣುತ್ತದೆ. ಅದಕ್ಕಿಂತ ದೊಡ್ಡ ದೋಷವನ್ನು ತಾವು ಗಮನಿಸಿಯೇ ಇಲ್ಲ. ‘ತ್ಯಾಜ್ಯ’ ಎಂದರೆ ತ್ಯಜಿಸತಕ್ಕದ್ದು. ತ್ಯಜಿಸತಕ್ಕದ್ದನ್ನು ಮತ್ತೆ ಬಳಸಿರೆಂದು ಹೇಳುವ ಫಲಕ ತನ್ನ ಮಾತನ್ನು ತಾನೇ ಅಲ್ಲಗಳೆಯುತ್ತದೆ. ‘ಉಳಿಕೆ’ ಎನ್ನಿ.

ಬಾಗಲಕೋಟೆಯಿಂದ:

ಅರಿಸಮಾಸದ ಗುಮ್ಮನನ್ನು ತೋರಿಸಿದ್ದು ಸಾಕು. ‘ದಿನಗೂಲಿ’ಯೂ ಅರಿಸಮಾಸವೇ, ಅದರ ಹೆಸರಿನಲ್ಲೇ ಕಾರ್ಖಾನೆಗಳ ಹಾಜರಿ ಪುಸ್ತಕಗಳು ನಡೆದಿವೆ. ಕೇಶಿರಾಜನು ಸಹ ಬಿರುದುಗಳಿಗೆ, ಪೂರ್ವಕವಿಗಳ ಪ್ರಯೋಗಗಳಿಗೆ ವಿನಾಯಿತಿ ಕೊಟ್ಟಿದ್ದಾನೆ. ಆದರೆ ‘ತ್ಯಾಜ್ಯ’ದ ವಿಷಯದಲ್ಲಿ ವಿಜಯಪುರದವರ ಮಾತಿಗೆ ನನ್ನ ಒಪ್ಪಿಗೆಯಿದೆ. ನಾನು ಸಕ್ಕರೆ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದವನು. ಅಲ್ಲಿ ಕಾಕಂಬಿ ಡಿಸ್ಟಿಲರಿಗೆ ಹೋಗುತ್ತಿತ್ತು, ಕಬ್ಬಿನ ಸಿಪ್ಪೆ ಬಾಯ್ಲರಿನಲ್ಲಿ ಉರಿದು ವಿದ್ಯುತ್ತಾಗುತ್ತಿತ್ತು; ಎರಡನ್ನೂ ಯಾರೂ ತ್ಯಾಜ್ಯವೆಂದು ಕರೆದದ್ದನ್ನು ಕೇಳಿಲ್ಲ. ತಾವೂ ವಸ್ತುವಿನ ಹೆಸರನ್ನೇ ಹಿಡಿಯಿರಿ: ‘ಅಚ್ಚಿನ ಮರಳು – ಮತ್ತೆ ಬಳಸಲು’, ‘ರನ್ನರ್, ರೈಸರ್ – ಮತ್ತೆ ಕರಗಿಸಲು’. ಎರಡಕ್ಕೂ ಸೇರದೆ ವ್ಯಾಪಾರಿಗೆ ಹೋಗುವುದನ್ನು ‘ಭಂಗಾರ’ ಎನ್ನಿ.

ವಿಜಯಪುರದಿಂದ:

‘ಭಂಗಾರ’ ಮರಾಠಿ. ಬೆಳಗಾವಿಯಲ್ಲಿ ಕನ್ನಡ ಫಲಕಕ್ಕಾಗಿ ಇಷ್ಟು ವರ್ಷ ಬಡಿದಾಡಿದ್ದು ಮರಾಠಿಯನ್ನು ಕನ್ನಡ ಲಿಪಿಯಲ್ಲಿ ಬರೆಸುವುದಕ್ಕಲ್ಲ. ‘ಗುಜರಿ’ ಎಂಬ ಪದವಿರುವಾಗ ಈ ದಾರಿದ್ರ್ಯವೇಕೆ?

ಬಾಗಲಕೋಟೆಯಿಂದ:

‘ಗುಜರಿ’ ಬೆಂಗಳೂರು, ಮೈಸೂರಿನವರ ಮಾತು, ಮತ್ತು ಅದೂ ಅಚ್ಚಗನ್ನಡವಲ್ಲ. ನಮ್ಮ ಕಡೆಯವರು ‘ಭಂಗಾರ’ ಎನ್ನುತ್ತಾರೆ, ‘ಮೋಡಕಾ’ ಎನ್ನುತ್ತಾರೆ. ‘ಪಗಾರ’ ಪೋರ್ಚುಗೀಸಿನಿಂದ ಬಂದ ಪದ. ಆ ಕಾರಣಕ್ಕಾಗಿ ಒಂದನೆಯ ತಾರೀಖು ಅದನ್ನು ಹಿಂತಿರುಗಿಸಿದ ಶುದ್ಧಕನ್ನಡಿಗನನ್ನು ನಾನಂತೂ ಕಂಡಿಲ್ಲ. ಫಲಕವನ್ನು ಓದಬೇಕಾದವನು ಎರಡನೆಯ ಪಾಳಿಯ ಕೆಲಸಗಾರನೇ ಹೊರತು ನಿಘಂಟುಕಾರನಲ್ಲ.

ಬೆಳಗಾವಿಯಿಂದ:

ಇಬ್ಬರಿಗೂ ವಂದನೆಗಳು. ‘ಮತ್ತೆ ಬಳಸಲು’, ‘ಮತ್ತೆ ಕರಗಿಸಲು’ ಎಂಬುವನ್ನೇ ಇಟ್ಟುಕೊಂಡಿದ್ದೇನೆ. ನಿಯಮಗಳ ಮಾತಿಗೆ ಅವು ಪೂರ್ಣ ಪರ್ಯಾಯವಲ್ಲವೆಂಬ ಅರಿವಿದ್ದರೂ ಈ ಎರಡು ರಾಶಿಗಳ ಮಟ್ಟಿಗೆ ಸಾಕು. ‘ಉಳಿಕೆ’ಯನ್ನು ಕೈಬಿಟ್ಟಿದ್ದೇನೆ, ಏಕೆಂದರೆ ಇಲ್ಲಿಯವರು ಅದನ್ನು ಉಳಿತಾಯದ ಹಣವೆಂದು ತಿಳಿದರು. ‘ಭಂಗಾರ’ ಉಳಿಯುತ್ತದೆ, ಆದರೆ ಒಂದು ಎಚ್ಚರಿಕೆಯೊಂದಿಗೆ. ಈಗಿರುವ ನೀಲಿ ಡ್ರಮ್ಮಿನ ಮೇಲೆ ಭಕಾರದ ಕೆಳಗಿನ ಗೀಟು ಎಣ್ಣೆ, ಮಸಿಯಲ್ಲಿ ಅಳಿದುಹೋಗಿ, ಬರಹ ‘ಬಂಗಾರ ಇಲ್ಲಿ ಹಾಕಿರಿ’ ಎಂದಾಗಿದೆ. ಈವರೆಗೆ ಯಾರೂ ಹಾಕಿದಂತಿಲ್ಲ. ಆ ಗೀಟನ್ನು ದಪ್ಪಗೆ ಎಳೆಯುವಂತೆ ಪೇಂಟರನಿಗೆ ಹೇಳುತ್ತೇನೆ.