ತ್ರಿಪದಿಯ ಮೂರನೇ ಸಾಲು ಯಾಕೆ ಎಡವುತ್ತಿದೆ?

ಸಿಂಧನೂರು ಹುಡುಗಿ:
ನಮಸ್ಕಾರ. ಜೋಳದ ಹೊಲದಲ್ಲಿ ಹಕ್ಕಿ ಕಾಯೋದರ ಮೇಲೆ ಒಂದು ತ್ರಿಪದಿ ಬರೆದಿದ್ದೇನೆ.

ಬಿಸಿಲೂರ ಹೊಲದಾಗ ಎಳಿಜೋಳ ತೆನಿಯಾಗಿ
ಹಸಿದಂಥ ಗುಬ್ಬಿ ಬಳಗೆಲ್ಲ ಬಂದಾವ
ಬೀಸಣ್ಣ ನಿನ್ನ ಕವಣೀಯ

ಮೂರೂ ಸಾಲಲ್ಲಿ ಎರಡನೇ ಅಕ್ಷರ ಸಕಾರವೇ. ಬೆರಳು ಮಡಚಿ ಮಾತ್ರೆ (ಅಕ್ಷರ ಹೇಳೋಕೆ ಹಿಡಿಯೋ ಕಾಲ) ಎಣಿಸಿದೆ, 20, 18, 13 ಬಂತು. ಆದರೂ ಜೋರಾಗಿ ಓದಿದರೆ ‘ಬೀಸಣ್ಣ’ ಹತ್ತಿರ ನಾಲಿಗೆ ಎಡವುತ್ತದೆ. ಅವ್ವನೂ ಅದನ್ನೇ ಅಂದಳು. ತಪ್ಪು ಎಲ್ಲಿದೆ?

ಕೊಪ್ಪಳದ ಮೇಷ್ಟ್ರು:
ನಿನ್ನ ಲೆಕ್ಕ ಸರಿ ಇದೆ ತಂಗಿ. ಗಣ ಅಂದರೆ ಮಾತ್ರೆಗಳ ಗುಂಪು; ತ್ರಿಪದಿಯ ಮೂರೂ ಸಾಲಿನ ಗಣಗಳನ್ನ ಒಟ್ಟಿಗೆ ಎಣಿಸಿದರೆ ಆರನೇದು, ಹತ್ತನೇದು ಚಿಕ್ಕ ಗಣ, ಅಂದರೆ ಬ್ರಹ್ಮಗಣ ಬರಬೇಕು. ‘ಗುಬ್ಬಿ’, ‘ನಿನ್ನ’ ಅಲ್ಲೇ ಕೂತಿವೆ. ಎಡವಿರೋದು ಪ್ರಾಸ. ಎರಡನೇ ಅಕ್ಷರ ಒಂದೇ ಆದರೆ ಸಾಲದು, ಅದರ ಹಿಂದಿನ ಅಕ್ಷರದ ತೂಕವೂ ಒಂದೇ ಇರಬೇಕು. ಬಿಸಿ, ಹಸಿ ಎರಡೂ ಹ್ರಸ್ವದಿಂದ ಶುರು, ಅದು ಸಿಂಹಪ್ರಾಸ. ‘ಬೀಸ’ ದೀರ್ಘ, ಗಜಪ್ರಾಸ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ಮೊದಲ ತ್ರಿಪದಿ ನೋಡು, ಸುಮಾರು 1300 ವರ್ಷ ಹಳೆಯದು. ಸಾಲುಗಳು ‘ಸಾಧು’, ‘ಬಾಧಿ’, ‘ಮಾಧ’ ಅಂತ ಶುರುವಾಗುತ್ತವೆ, ಮೂರೂ ದೀರ್ಘ. ‘ಎಸಿಯಣ್ಣ ಕಲ್ಲ ಕವಣೀಲೆ’ ಅಂತ ಮಾಡಿ ಓದು, ಸರಾಗ ಹೋಗುತ್ತದೆ.

ಮಾನ್ವಿ ಅಕ್ಕ:
ಮೇಷ್ಟ್ರೇ, ಪೂರ್ತಿ ಒಪ್ಪೋಕಾಗಲ್ಲ. ತ್ರಿಪದಿ ಬೀಸುಕಲ್ಲಿನ ಮುಂದೆ ಹಾಡಿದ್ದು, ನಮ್ಮಜ್ಜಿ ಗೂಟ ಹಿಡಿದು ಹಾಡುವಾಗ ಮೊದಲಕ್ಷರ ಎಷ್ಟು ಎಳೆಯುತ್ತಿದ್ದಳು ಅಂದ್ರೆ ಬಿಸಿಲು ‘ಬೀಸಿಲು’ ಆಗುತ್ತಿತ್ತು. ಅಲ್ಲಿ ಹ್ರಸ್ವ ದೀರ್ಘ ಯಾರೂ ನೋಡಲ್ಲ. ‘ಬೀಸು’ ತೆಗೀಬೇಡ ತಂಗಿ. ಕವಣೆಯನ್ನ ತಲೆ ಮೇಲೆ ಗಿರ್ರನೆ ಸುತ್ತಿಸಿ ಆಮೇಲೆ ಕಲ್ಲು ಬಿಡೋದು, ಆ ಸುತ್ತು ‘ಬೀ’ ಅನ್ನೋ ದೀರ್ಘದಲ್ಲಿದೆ. ‘ಎಸಿ’ ಅಂದರೆ ಬರೀ ಕಲ್ಲು ಬಿಟ್ಟಂಗೆ. ಜೋಳ ಬೀಸೋದಕ್ಕೂ ಅದೇ ಮಾತು, ಅಲ್ವಾ? ಇನ್ನು ‘ಗುಬ್ಬಿ ಬಳಗೆಲ್ಲ ಬಂದಾವ’ ನನಗೆ ಜಾಸ್ತಿ ಹಿಡಿಸಿತು. ಬ ಬ ಬ ಅಂತ ಒಂದೊಂದೇ ಗುಬ್ಬಿ ತೆನೆ ಮೇಲೆ ಇಳಿದ ಹಾಗೆ. ಹಾಡುವಾಗ ಆ ತುಂಡನ್ನ ತಿರುಗಿಸಿ ಹಾಡು.

ಸಿಂಧನೂರು ಹುಡುಗಿ:
ಇಬ್ಬರ ಮಾತೂ ಮನಸ್ಸಿಗೆ ಬಂತು. ‘ಬೀಸಣ್ಣ’ ಉಳಿಸಿಕೊಂಡು ಮೇಲಿನ ಎರಡು ಸಾಲನ್ನೇ ದೀರ್ಘಕ್ಕೆ ತಿರುಗಿಸಿದೆ. ‘ಬಿಸಿಲೂರು’ ಬಿಡೋಕೆ ಸಂಕಟವಾಯ್ತು, ಆದರೆ ಈಗ ಅವ್ವ ಎಲ್ಲೂ ನಿಲ್ಲದೆ ಹಾಡಿದಳು.

ಈಸೊಂದು ಹೊಲದಾಗ ಎಳಿಜೋಳ ತೆನಿಯಾಗಿ
ಆಸೇಲೆ ಗುಬ್ಬಿ ಬಳಗೆಲ್ಲ ಬಂದಾವ
ಬೀಸಣ್ಣ ನಿನ್ನ ಕವಣೀಯ