ಒಂದೇ ನೆಟ್ ಕನೆಕ್ಷನ್, ನಾಲ್ಕು ಕಂಪ್ಯೂಟರ್, ನಡುವೆ ಎರಡಡಿ ಕಲ್ಲಿನ ಗೋಡೆ

ಮಾಳಿಗೆಮನೆ (ವಿಜಯಪುರ):
ಎಲ್ಲರಿಗೂ ನಮಸ್ಕಾರ. ನಮ್ಮದು ಹಳೇ ಕಲ್ಲಿನ ಮನೆ. ಪಡಸಾಲೆ, ನಡುಮನೆ ಎಲ್ಲ ಅಜ್ಜನ ಕಾಲದ್ದು, ಗೋಡೆ ಎರಡಡಿ ದಪ್ಪ, ಮೇಲೆ ಮಣ್ಣಿನ ಮಾಳಿಗೆ. ಹಿತ್ತಲಲ್ಲಿ ಎರಡು ಆರ್‌ಸಿಸಿ ರೂಮು ಆಮೇಲೆ ಕಟ್ಟಿಸಿದ್ದು. 100 ಎಂಬಿಪಿಎಸ್ ಫೈಬರ್ ಇದೆ. ಕನೆಕ್ಷನ್ ಕೊಡಲು ಬಂದ ಹುಡುಗರು ಡಬ್ಬಿಯನ್ನು (ವೈಫೈ ಕೊಡುವ ರೂಟರ್) ಪಡಸಾಲೆ ಬಾಗಿಲ ಪಕ್ಕದಲ್ಲೇ ಹೊಡೆದು ಹೋದರು, ಒಳಗೆ ಹಾಕ್ರಿ ಅಂದರೆ ವೈರ್ ಸಾಲಲ್ಲ ಅಂದರು.

ಪಡಸಾಲೆಯಲ್ಲಿ ಅಣ್ಣನ ಡೆಸ್ಕ್‌ಟಾಪ್, ಅವನು ಅಂಗಡಿಯವರ ಜಿಎಸ್‌ಟಿ ಲೆಕ್ಕ ನೋಡುತ್ತಾನೆ, ಪ್ರಿಂಟರೂ ಅಲ್ಲೇ. ಹಿಂದಿನ ರೂಮುಗಳಲ್ಲಿ ನನ್ನ ಲ್ಯಾಪ್‌ಟಾಪ್, ವೈನಿಯದೊಂದು (ಅಣ್ಣನ ಹೆಂಡತಿ, ಆನ್‌ಲೈನ್ ಟ್ಯೂಷನ್ ಹೇಳುತ್ತಾರೆ), ಮತ್ತೆ ತಮ್ಮನ ಹಳೇ ಡೆಸ್ಕ್‌ಟಾಪ್, ಅದಕ್ಕೆ ವೈಫೈ ಇಲ್ಲವೇ ಇಲ್ಲ. ಅಲ್ಲಿ ಸಿಗ್ನಲ್ ಒಂದೇ ಕಡ್ಡಿ. ಹಿತ್ತಲ ಬಾಗಿಲು ತೆಗೆದಿಟ್ಟರೆ ವೈನಿಗೆ ನೆಟ್ ಬರುತ್ತದೆ, ಆದರೆ ಆಗ ಎಮ್ಮೆ ಒದರುವುದು ಕ್ಲಾಸಿನ ಮಕ್ಕಳಿಗೂ ಕೇಳುತ್ತದೆ.

ಹಿಂದಕ್ಕೆ ಇನ್ನೊಂದು ಕನೆಕ್ಷನ್ ತಗೊಳ್ಳಬೇಕಾ, ರಿಪೀಟರ್ ಸಾಕಾ? ಡಬ್ಬಿಯಲ್ಲಿ ಮೂರು ಲ್ಯಾನ್ ಪೋರ್ಟ್ (ಕಂಪ್ಯೂಟರಿಗೆ ವೈರ್ ಚುಚ್ಚುವ ಕಿಂಡಿ) ಖಾಲಿ ಇವೆ. ಅಟ್ಟದ ಮೇಲೆ ಹಳೇ ರೂಟರ್ ಕೂಡ ಬಿದ್ದಿದೆ.

ಸುಮ್ನೆಬಂದೆ:
ಒಂದು ರಿಪೀಟರ್ ತಂದು ನಡುಮನೆ ಪ್ಲಗ್ಗಿಗೆ ಚುಚ್ಚಿ. ಐದು ನಿಮಿಷದ ಕೆಲಸ.

ನವನಗರದವ (ಬಾಗಲಕೋಟೆ):
ರಿಪೀಟರ್ ಬೇಡ ರೀ. ಆರ್‌ಸಿಸಿ ಮನೆಗೆ ಹೇಗೋ ನಡೆಯುತ್ತದೆ, ಇಲ್ಲಿ ಕಷ್ಟ. ಅದು ತನಗೆ ಬಂದ ಸಿಗ್ನಲ್ಲನ್ನೇ ಮುಂದಕ್ಕೆ ಕೊಡಬೇಕು, ಒಂದು ಕಡ್ಡಿ ಬಂದರೆ ಒಂದು ಕಡ್ಡಿಯ ನೆಟ್ಟನ್ನೇ ಕೊಡುತ್ತದೆ. ನಿಮ್ಮ ಮೊಬೈಲಿನಲ್ಲಿ ಮಾತ್ರ ಕಡ್ಡಿ ತುಂಬ ಕಾಣುತ್ತವೆ. ಅದರ ಮೇಲೆ ಒಂದೇ ಬ್ಯಾಂಡಿನಲ್ಲಿ ಕೇಳಬೇಕು, ಅದರಲ್ಲೇ ಹೇಳಬೇಕು, ಹಾಗಾಗಿ ಸ್ಪೀಡ್ ಹೆಚ್ಚುಕಡಿಮೆ ಅರ್ಧ. ವೈಫೈಯ ಎರಡು ಬ್ಯಾಂಡಿನಲ್ಲಿ 5 ಗಿಗಾಹರ್ಟ್ಸ್ ನಿಮ್ಮ ಗೋಡೆ ದಾಟುವುದು ಬಿಟ್ಟೇಬಿಡಿ, 2.4 ಮಾತ್ರ ತೆವಳಿಕೊಂಡು ಬರುತ್ತಿರಬೇಕು.

ಇನ್ನೊಂದು ಕನೆಕ್ಷನ್ನಿಗೆ ತಿಂಗಳಾ ದುಡ್ಡು ಕಟ್ಟುವುದೂ ಬೇಡ. ವೈರ್ ಎಳೆಯಿರಿ. ಖಾಲಿ ಲ್ಯಾನ್ ಪೋರ್ಟಿನಿಂದ ಹಿಂದಿನ ರೂಮಿಗೆ ಒಂದೇ ಒಂದು ಕ್ಯಾಟ್ 6 ಕೇಬಲ್. 100 ಮೀಟರ್ ತನಕ ಆರಾಮವಾಗಿ ಹೋಗುತ್ತದೆ, ನಿಮ್ಮ ಮನೆ ಅಷ್ಟುದ್ದ ಇರಲಿಕ್ಕಿಲ್ಲ. ಆ ಕಡೆ ಅಟ್ಟದ ಮೇಲಿನ ರೂಟರ್ ಇಡಿ, ತಮ್ಮನ ಡೆಸ್ಕ್‌ಟಾಪಿಗೆ ಅದರಿಂದಲೇ ವೈರ್, ಉಳಿದವರಿಗೆ ಅದರದ್ದೇ ವೈಫೈ.

ಆದರೆ ಅದನ್ನು ಹಾಗೇ ತಗುಲಿಸಬೇಡಿ. ಮೊದಲು ರೀಸೆಟ್ ಮಾಡಿ, ನಿಮ್ಮ ಕಂಪ್ಯೂಟರಿಗೆ ಅದೊಂದನ್ನೇ ಜೋಡಿಸಿ ಸೆಟ್ಟಿಂಗ್ಸ್ ಪುಟ ತೆರೆಯಿರಿ. ಮುಂದಿನ ಡಬ್ಬಿಯ ವಿಳಾಸ 192.168.1.1 ಇದ್ದರೆ ಇದಕ್ಕೆ 192.168.1.2 ಕೊಡಿ. ವೈಫೈ ಪಾಸ್‌ವರ್ಡ್ ಹಾಕಿ. ಕೊನೆಗೆ ಡಿಎಚ್‌ಸಿಪಿ ಆಫ್ ಮಾಡಿ. ಕಂಪ್ಯೂಟರುಗಳಿಗೆಲ್ಲ ನಂಬರ್ ಹಂಚುವುದು ಅದೇ. ಎರಡೂ ಕಡೆ ಆನ್ ಇದ್ದರೆ ಒಂದೇ ಮದುವೆ ಊಟಕ್ಕೆ ಇಬ್ಬರು ನಿಂತು ಬೇರೆ ಬೇರೆ ಟೋಕನ್ ಕೊಟ್ಟ ಹಾಗಾಗುತ್ತದೆ, ಒಬ್ಬರಿಗೆ ನೆಟ್ ಬರುತ್ತದೆ, ಇನ್ನೊಬ್ಬರಿಗೆ ಇಲ್ಲ.

ಮುಂದಿನಿಂದ ಬಂದ ಕೇಬಲ್ಲನ್ನು ಹಳೇ ರೂಟರಿನ ಲ್ಯಾನ್ ಪೋರ್ಟಿಗೇ ಹಾಕಿ. ಬೇರೆ ಬಣ್ಣದ ವ್ಯಾನ್ ಪೋರ್ಟಿಗೆ (ಹೊರಗಿನ ನೆಟ್ ಬರುವ ಕಿಂಡಿ) ಹಾಕಿದರೂ ನೆಟ್ ಬರಬಹುದು, ಆದರೆ ಆಗ ಅದು ತನ್ನದೇ ಬೇರೆ ಸಂಸಾರ ಹೂಡುತ್ತದೆ, ಅಣ್ಣನ ಪ್ರಿಂಟರ್ ಹಿಂದಿನ ರೂಮಿನವರಿಗೆ ತಾನಾಗಿ ಕಾಣುವುದಿಲ್ಲ.

ಕ್ರಿಂಪಿಂಗ್‌ಕಾಕಾ (ಬೆಳಗಾವಿ):
ನವನಗರದವರು ಹೇಳಿದ್ದು ಸರಿ. ನಾನು ಟಿಳಕವಾಡಿ, ಶಹಾಪುರ ಕಡೆ ಇದೇ ಕೆಲಸ ಮಾಡುವವನು, ಕೇಬಲ್ ಬಗ್ಗೆ ಮಾತ್ರ ಹೇಳುತ್ತೇನೆ.

ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕೇಬಲ್ ಬಹಳಷ್ಟು ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ ಅಷ್ಟೇ. ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಪೂರ್ತಿ ತಾಮ್ರದ್ದೇ ಕೇಳಿ ತಗೊಳ್ಳಿ.

ಒಳಗೆ ಎಂಟು ಎಳೆ ಇರುತ್ತವೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಸಾಲು. ಕೆಲವು ಹುಡುಗರು ನಾಲ್ಕೇ ಎಳೆ ಕೂರಿಸಿ ಎದ್ದು ಹೋಗುತ್ತಾರೆ. 100 ಎಂಬಿಪಿಎಸ್‌ಗೆ ನಾಲ್ಕು ಸಾಕು, ನೆಟ್ ಬರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಮುಂದೆ ಪ್ಲಾನ್ ಜಾಸ್ತಿ ಮಾಡಿದಾಗ ಸ್ಪೀಡ್ ಅಲ್ಲೇ ನಿಂತಿರುತ್ತದೆ, ಯಾಕಂದರೆ ಗಿಗಾಬಿಟ್ಟಿಗೆ (1000 ಎಂಬಿಪಿಎಸ್) ಎಂಟೂ ಬೇಕು. ಹಳೇ ರೂಟರಿನ ಪೋರ್ಟುಗಳೂ 100ರದ್ದೇ ಇರಬಹುದು, ಈಗಿನ ಪ್ಲಾನಿಗೆ ತೊಂದರೆ ಇಲ್ಲ.

ಆ ಗೋಡೆಗೆ ಡ್ರಿಲ್ ಹಚ್ಚಬೇಡಿ. ಎರಡು ಮುಖದ ಕಲ್ಲಿನ ನಡುವೆ ಮಣ್ಣು, ಜಲ್ಲಿ ತುಂಬಿರುತ್ತಾರೆ, ಬಿಟ್ ನಡುವೆಯೇ ಸಿಕ್ಕಿಕೊಳ್ಳುತ್ತದೆ. ನಡುಮನೆಯಲ್ಲಿ ಬೆಳಕಿಂಡಿ ಇರಬೇಕಲ್ವಾ? ಅದರ ಅಂಚಿನಿಂದ ಮೇಲಕ್ಕೆ ತೆಗೆದು ಮಾಳಿಗೆ ಮೇಲಿಂದ ಹಿತ್ತಲಿಗೆ ಇಳಿಸಿ, ಮಳೆ ನೀರು ಒಳಗಿಳಿಯದ ಹಾಗೆ ಪೈಪಿನ ಬಾಯಿ ಕೆಳಗೆ ಬಗ್ಗಿಸಿ. ವಿಜಯಪುರದ ಬಿಸಿಲಿಗೆ ಸಾದಾ ಕೇಬಲ್ಲಿನ ಸಿಪ್ಪೆ ಸೀಳಿಬಿಡುತ್ತದೆ, ಹೊರಗೆ ಎಳೆಯುವ ಕಪ್ಪು ಕೇಬಲ್ ಕೇಳಿ, ಅದನ್ನೂ ಪಿವಿಸಿ ಪೈಪಿನೊಳಗೆ ಹಾಕಿ. ಕರೆಂಟ್ ವೈರಿನ ಜೊತೆ ಒಂದೇ ಪೈಪಿನಲ್ಲಿ ಮಾತ್ರ ಬೇಡ.

ಸಿಡಿಲಿನದ್ದೊಂದು ಇದೆ. ಮಾಳಿಗೆ ಮೇಲೆ ತಾಮ್ರ ಹರಿದರೆ ಹತ್ತಿರ ಸಿಡಿಲು ಬಡಿದಾಗ ಎರಡೂ ತುದಿಯ ಪೋರ್ಟ್ ಸುಡಬಹುದು. ಅಡ್ಡಮಳೆ ಶುರುವಾಗುವ ಹೊತ್ತಿಗೆ, ಗುಡುಗು ಕೇಳುವ ಮೊದಲೇ, ಎರಡೂ ಕಡೆ ಕಿತ್ತಿಡುವುದು ಒಳ್ಳೆಯದು. ಫೈಬರಿನೊಳಗೆ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಹಾಗಾಗಿ ಕಂಪನಿಯವರು ಒಪ್ಪಿದರೆ ಫೈಬರನ್ನೇ ಹಿಂದಕ್ಕೆ ಒಯ್ದು ಡಬ್ಬಿಯನ್ನು ಅಲ್ಲಿಟ್ಟು, ಅಣ್ಣನಿಗೆ ಮಾತ್ರ ನಡುಮನೆ ಬಾಗಿಲ ಚೌಕಟ್ಟಿನ ಗುಂಟ ಒಳಗಿಂದಲೇ ವೈರ್ ತರಬಹುದು. ಚೆಂದ ಕಾಣುವುದಿಲ್ಲ, ಆದರೆ ನನಗೆ ಅದೇ ಹೆಚ್ಚು ಇಷ್ಟ.

ಮಾಳಿಗೆಮನೆ:
ಕಾಕಾ, ಬಹಳ ಉಪಕಾರ ಆಯಿತು. ಫೈಬರ್ ಸರಿಸಲು ಕಂಪನಿಯವರು ಬೇರೆ ದುಡ್ಡು ಕೇಳಿದರು, ಅದಕ್ಕೆ ಬೆಳಕಿಂಡಿ ದಾರಿಯನ್ನೇ ಹಿಡಿದೆವು. ಹಿಂದೆ ಈಗ 90ರ ಮೇಲೆ ತೋರಿಸುತ್ತಿದೆ, ಪ್ರಿಂಟೂ ಹೋಗುತ್ತಿದೆ. ಬಾಗಿಲು ಹಾಕಿಕೊಂಡೇ ಕ್ಲಾಸ್ ನಡೆಯಿತು.

ಇನ್ನೆರಡು ಉಳಿದವು. ಅಣ್ಣನ ಕಂಪ್ಯೂಟರ್ ಬ್ಯಾಕಪ್ ಶುರುಮಾಡಿದರೆ ವೈನಿಯ ದನಿ ಒಡೆಯುತ್ತದೆ. ಮತ್ತೆ ಪಕ್ಕದ ಮನೆಯವರು ಅರ್ಧ ಬಿಲ್ ಕೊಡುತ್ತೇವೆ, ನಮಗೂ ಒಂದು ವೈರ್ ಕೊಡಿ ಅನ್ನುತ್ತಿದ್ದಾರೆ. ಬೇಡ ಅನ್ನಲು ಸಂಕೋಚ.

ನವನಗರದವ:
ಬ್ಯಾಕಪ್ ಅಪ್‌ಲೋಡ್ ದಾರಿಯನ್ನು ಪೂರ್ತಿ ಹಿಡಿದಿಡುತ್ತದೆ, ವೈನಿಯ ಮಾತು ಅದರ ಹಿಂದೆ ಸಾಲಿನಲ್ಲಿ ನಿಲ್ಲಬೇಕು. ಡೌನ್‌ಲೋಡ್ ಸ್ಪೀಡ್ ಎಷ್ಟಿದ್ದರೂ ಅದಕ್ಕೆ ಪ್ರಯೋಜನವಿಲ್ಲ. ಬ್ಯಾಕಪ್ಪನ್ನು ರಾತ್ರಿಗೆ ಹಚ್ಚಿ, ಇಲ್ಲವೇ ಆ ಸಾಫ್ಟ್‌ವೇರಿನಲ್ಲೇ ಅಪ್‌ಲೋಡಿಗೆ ಮಿತಿ ಹಾಕಿ. ಮುಂದಿನ ಡಬ್ಬಿಯಲ್ಲಿ ಕ್ಯೂಒಎಸ್ ಅಂತ ಸೆಟ್ಟಿಂಗ್ ಇದ್ದರೆ ವೈನಿಯ ಲ್ಯಾಪ್‌ಟಾಪಿಗೆ ಮೊದಲ ಸರದಿ ಕೊಡಬಹುದು, ಎಲ್ಲ ಡಬ್ಬಿಯಲ್ಲೂ ಇರುವುದಿಲ್ಲ.

ಪಕ್ಕದ ಮನೆಗೆ ಕೊಡಬೇಡಿ. ಒಳಗೆ ಎಷ್ಟು ಕಂಪ್ಯೂಟರ್ ಇದ್ದರೂ ಹೊರಗೆ ಎಲ್ಲವೂ ನಿಮ್ಮ ಒಂದೇ ಕನೆಕ್ಷನ್ನಿನದ್ದಾಗಿ ಕಾಣುತ್ತವೆ. ಅವರ ಮನೆಯಲ್ಲಿ ಯಾರಾದರೂ ಏನಾದರೂ ಮಾಡಿದರೆ ಪೊಲೀಸರು ಬರುವುದು ಕನೆಕ್ಷನ್ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲಿಗೆ. ಅದೂ ಅಲ್ಲದೆ ಅದೇ ವೈರಿನಲ್ಲಿ ಅಣ್ಣನ ಲೆಕ್ಕದ ಕಂಪ್ಯೂಟರೂ ಇದೆ, ಗಿರಾಕಿಗಳ ಕಾಗದಪತ್ರ ಎಲ್ಲ. ಕಂಪನಿಯವರು ಬಿಡುವುದಿಲ್ಲ ಅಂದುಬಿಡಿ. ಮನೆಯ ಹೊರಗೆ ಹಂಚುವುದನ್ನು ಕರಾರಿನಲ್ಲಿ ಸಾಮಾನ್ಯವಾಗಿ ಒಪ್ಪಿರುವುದಿಲ್ಲ, ಹಾಗಾಗಿ ಸುಳ್ಳೂ ಆಗುವುದಿಲ್ಲ.

ಕ್ರಿಂಪಿಂಗ್‌ಕಾಕಾ:
ಕರೆಂಟ್ ಹೋದರೆ ಈಗ ಎರಡು ಡಬ್ಬಿ ಆರುತ್ತವೆ, ಅದನ್ನೂ ನೋಡಿಕೊಳ್ಳಿ. ರೂಟರಿಗೆ ಸಣ್ಣ ಯುಪಿಎಸ್ ತಗೊಳ್ಳುವ ಮುಂಚೆ ಎರಡೂ ಅಡಾಪ್ಟರಿನ ಮೇಲೆ ವೋಲ್ಟ್ ಎಷ್ಟಿದೆ ಓದಿ. ಒಂದು 12, ಇನ್ನೊಂದು 9 ಇದ್ದರೆ ಬೇರೆ ಬೇರೆ ಬೇಕು, 9ರದ್ದಕ್ಕೆ 12 ಚುಚ್ಚಿದರೆ ಸುಟ್ಟುಹೋದೀತು.